ಕೇಳುವುದಷ್ಟೇ ಸಾಲದು, ಕೇಳಿಸಬೇಕು



ಆಷಾಢದ ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಬಹುದು. ಗುಡ್ಡದ ಬುಡದ ಮನೆಯೊಂದರಲ್ಲಿ ರೈತನೊಬ್ಬ ಮೊಬೈಲ್ ಫೋನನ್ನು ಕಿಟಕಿಯ ದಂಡೆಗೆ ಒರಗಿಸಿಟ್ಟು ಕುಳಿತಿದ್ದಾನೆ. ಅವನ ತೋಟದ ಮೇಲ್ಭಾಗದಲ್ಲಿ ಹಾದುಹೋಗಲಿರುವ ಯೋಜನೆಯೊಂದರ ಕುರಿತು ವಿಡಿಯೋ ಸಭೆ ನಡೆಯುತ್ತಿದೆ. ಅಧಿಕಾರಿಗಳ ಮಾತು ಅವನಿಗೆ ಸ್ಪಷ್ಟವಾಗಿ ಕೇಳುತ್ತಿದೆ. ಅವನ ಸರದಿ ಬರುತ್ತದೆ. ಹಳ್ಳದ ನೀರಿನ ಬಗ್ಗೆ, ಸೊಪ್ಪಿನ ಬೆಟ್ಟದ ಬಗ್ಗೆ ಹೇಳತೊಡಗುತ್ತಾನೆ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಆಚೆಯಿಂದ ದನಿ ಬರುತ್ತದೆ: “ನಿಮ್ಮ ಮಾತು ಕೇಳಿಸುತ್ತಿಲ್ಲ, ಮುಂದಿನವರು ಮಾತನಾಡಲಿ.” ಸಭೆಯ ನಡಾವಳಿಯಲ್ಲಿ ಆತ ಹಾಜರಿದ್ದನೆಂದು ದಾಖಲಾಗುತ್ತದೆ. ಆತ ಹೇಳಿದ್ದು ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ.

ಗುಡ್ಡಗಾಡಿನವರಿಗೆ ವಿಡಿಯೋ ಸಭೆಯ ನಿಜವಾದ ಕಷ್ಟ ಇಲ್ಲಿದೆ. ಬೇರೆಯವರ ಮಾತು ಕೇಳುವುದು ಬಹುಮಟ್ಟಿಗೆ ಸಾಧ್ಯ. ತಮ್ಮ ಮಾತು ಬೇರೆಯವರಿಗೆ ಕೇಳುವಂತೆ ಮಾಡುವುದು ಕಠಿಣ. ಇದನ್ನು ವಿಧಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಕಾರಣ ತಿಳಿದರೆ ಬಹುಪಾಲು ತೊಂದರೆಗಳಿಗೆ ಹಳ್ಳಿಯಲ್ಲಿಯೇ ಪರಿಹಾರವಿದೆ.

ಇದು ಕೇವಲ ಯಂತ್ರದ ಪ್ರಶ್ನೆಯಲ್ಲ. ೨೦೨೦ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗಲೂ ಅರಣ್ಯದ ಕುರಿತ ತೀರ್ಮಾನಗಳು ನಿಲ್ಲಲಿಲ್ಲ. ಪರದೆಯ ಮೇಲೆ ಮುಂದುವರಿದವು. ಆ ವರ್ಷದ ಏಪ್ರಿಲ್ ೭ರಂದು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ವಿಡಿಯೋ ಮೂಲಕವೇ ಸಭೆ ಸೇರಿತು. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಗೋವೆಯ ಮೊಲ್ಲೆಂ ಕಾಡಿನ ಯೋಜನೆಗಳೂ ಅದರ ಮುಂದಿದ್ದವು. ಇನ್ನೊಂದೆಡೆ, ಇದೇ ಸಹ್ಯಾದ್ರಿಯ ಮಕ್ಕಳು ಪಾಠ ಕೇಳಲು ಗುಡ್ಡದ ನೆತ್ತಿ ಏರುತ್ತಿದ್ದರು. ೨೦೨೧ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ, ಮಳೆಯ ನಡುವೆ ರಸ್ತೆಬದಿ ಕುಳಿತು ಪಾಠ ಕೇಳುವ ಮಗಳಿಗೆ ಕೊಡೆ ಹಿಡಿದು ನಿಂತ ತಂದೆಯ ಛಾಯಾಚಿತ್ರ ನಾಡಿನಾದ್ಯಂತ ಹರಡಿತು. ಆ ಹುಡುಗಿಗೆ ಪಾಠ ಕೇಳಿಸಿದರೆ ಸಾಕಿತ್ತು. ಸಭೆಗೆ ಸೇರುವ ಗ್ರಾಮಸ್ಥನಿಗೆ ಅಷ್ಟು ಸಾಲದು.

ಆ ಸಂಕಟದ ಕಾಲ ಕಳೆದರೂ ಪರದೆ ಉಳಿದುಕೊಂಡಿದೆ. ಕರ್ನಾಟಕದ ಪರಿಸರ ವ್ಯಾಜ್ಯಗಳನ್ನು ಆಲಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠ ಇರುವುದು ಚೆನ್ನೈನಲ್ಲಿ; ಅದು ವಿಡಿಯೋ ಮೂಲಕವೂ ವಿಚಾರಣೆ ನಡೆಸುತ್ತದೆ. ೨೦೨೩ರ ಅಕ್ಟೋಬರ್ ೬ರಂದು ಸರ್ವೋಚ್ಚ ನ್ಯಾಯಾಲಯವು, ಯಾವ ಉಚ್ಚ ನ್ಯಾಯಾಲಯವೂ ವಕೀಲರಿಗಾಗಲಿ ಕಕ್ಷಿದಾರರಿಗಾಗಲಿ ವಿಡಿಯೋ ಮೂಲಕ ಹಾಜರಾಗುವ ಸೌಲಭ್ಯವನ್ನು ನಿರಾಕರಿಸಬಾರದೆಂದು ಆದೇಶಿಸಿತು. ಎರಡು ದಿನದ ಕೂಲಿ, ಬಸ್ಸಿನ ಖರ್ಚು, ಕೊಟ್ಟಿಗೆಯ ಚಿಂತೆ, ಇವೆಲ್ಲ ಉಳಿಯುವುದಾದರೆ ಇದು ಬಡವರಿಗೆ ಒದಗಿದ ಅನುಕೂಲವೇ ಸರಿ. ಆದರೆ ಅನುಕೂಲ ದಕ್ಕುವುದು ಮಾತು ತಲುಪಿದಾಗ ಮಾತ್ರ.

ಮಾತು ಏಕೆ ತಲುಪುವುದಿಲ್ಲ? ಮೊಬೈಲ್ ಗೋಪುರ ಹತ್ತಾರು ವಾಟ್ ಶಕ್ತಿಯಲ್ಲಿ ತನ್ನ ಸಂಕೇತವನ್ನು ಕಳುಹಿಸುತ್ತದೆ. ಕೈಯಲ್ಲಿರುವ ೪ಜಿ ಫೋನು ಮರಳಿ ಕೂಗಲು ಸಾಮಾನ್ಯವಾಗಿ ಬಳಸಬಲ್ಲ ಗರಿಷ್ಠ ಶಕ್ತಿ ಸುಮಾರು ೦.೨ ವಾಟ್. ಗುಡ್ಡದ ಮೇಲೆ ನಿಂತವನು ಧ್ವನಿವರ್ಧಕದಲ್ಲಿ ಮಾತನಾಡುತ್ತಿದ್ದಾನೆ, ಕಣಿವೆಯಲ್ಲಿರುವವನು ಬರಿಗಂಟಲಿನಲ್ಲಿ ಉತ್ತರಿಸುತ್ತಿದ್ದಾನೆ ಎಂದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳು ಗೋಪುರದ ದನಿ ಇಲ್ಲಿಗೆ ಎಷ್ಟು ಬಂದಿದೆ ಎಂಬುದನ್ನು ತೋರಿಸುತ್ತವೆಯೇ ಹೊರತು, ಇಲ್ಲಿಯ ದನಿ ಅಲ್ಲಿಗೆ ಎಷ್ಟು ತಲುಪಿದೆ ಎಂಬುದನ್ನಲ್ಲ. ನಡುವೆ ದಿಬ್ಬವಿದ್ದರೆ, ಮಳೆಯಲ್ಲಿ ತೊಯ್ದ ದಟ್ಟ ಎಲೆಗಳಿದ್ದರೆ, ದಪ್ಪ ಜಂಬಿಟ್ಟಿಗೆ ಗೋಡೆಯಿದ್ದರೆ, ಮೊದಲು ಸೋಲುವುದು ಈ ದುರ್ಬಲ ದನಿಯೇ.

ಇನ್ನೊಂದು ಕಾರಣವೂ ಉಂಟು. ವಾಟ್ಸಾಪ್ ಸಂದೇಶ ಹೋಗುವ ಜಾಗದಲ್ಲಿ ಸಭೆ ಏಕೆ ನಡೆಯದು ಎಂದು ಹಲವರು ಕೇಳುತ್ತಾರೆ. ಸಂದೇಶಕ್ಕೆ ಅವಸರವಿಲ್ಲ, ದಾರಿ ತೆರೆಯುವವರೆಗೂ ಕಾಯ್ದು ಹೋಗುತ್ತದೆ. ಮಾತು ಕಾಯಲಾರದು. ಒಂದು ಸೆಕೆಂಡಿನ ಮಾತನ್ನು ಸಾಮಾನ್ಯವಾಗಿ ೫೦ರಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ ಕಳುಹಿಸಲಾಗುತ್ತದೆ. ತಡವಾಗಿ ಬಂದ ತುಣುಕನ್ನು ಆಚೆಯ ಯಂತ್ರ ಬಿಸಾಡಿಬಿಡುತ್ತದೆ. ಹಾಗೆ ಬಿದ್ದುಹೋದ ತುಣುಕುಗಳೇ ಒಡೆದ ಮಾತಾಗಿ ಕೇಳುವುದು.

ಆದ್ದರಿಂದ ಮೊದಲ ಸೂತ್ರ: ಚಿತ್ರಕ್ಕಿಂತ ಮಾತು ಮುಂದೆ. ಮಾತಿಗೆ ಸೆಕೆಂಡಿಗೆ ಸುಮಾರು ೮೦ ಕಿಲೋಬಿಟ್‌ನಷ್ಟು ದಾರಿ ಸಾಕು. ಒಳ್ಳೆಯ ಚಿತ್ರಕ್ಕೆ ೬೦೦ ಕಿಲೋಬಿಟ್ ಅಥವಾ ಅದಕ್ಕಿಂತ ಹೆಚ್ಚು ಬೇಕು. ಲೆಕ್ಕ ಹಾಕಿದರೆ, ಮಾತಿಗೆ ಗಂಟೆಗೆ ೩೬ ಮೆಗಾಬೈಟ್, ಚಿತ್ರಕ್ಕೆ ೨೭೦ ಮೆಗಾಬೈಟ್. ಸಭೆಗೆ ಸೇರಿದಾಗ ಒಮ್ಮೆ ಮುಖ ತೋರಿಸಿ ನಮಸ್ಕರಿಸಿ, ಅನಂತರ ಕ್ಯಾಮೆರಾ ಮುಚ್ಚುವುದರಲ್ಲಿ ಅಗೌರವವೇನಿಲ್ಲ. ಇತರರ ಚಿತ್ರಗಳನ್ನು ತಡೆಯುವ ಆಯ್ಕೆಯಿದ್ದರೆ ಅದನ್ನೂ ಬಳಸಬೇಕು.

ಎರಡನೆಯ ಸೂತ್ರ: ಜಾಗದ ಆಯ್ಕೆ. ತಗಡಿನ ಮಾಡು ಸಂಕೇತವನ್ನು ತಡೆಯುತ್ತದೆ. ಗೋಪುರದ ದಿಕ್ಕಿನ ಕಿಟಕಿ, ಹೆಂಚಿನ ಮನೆಯ ಮೇಲಟ್ಟ, ಇವು ಮೇಲು. ಆದರೆ ಅಟ್ಟದಲ್ಲಿ ಬಾಗಿ ಕುಳಿತು ಸಭೆ ನಡೆಸುವ ಅಗತ್ಯವಿಲ್ಲ. ಸಂಕೇತ ಸಿಗುವ ಜಾಗದಲ್ಲಿ ಒಂದು ಫೋನನ್ನು ಇಟ್ಟು, ಅದರಲ್ಲಿ ಹಾಟ್‌ಸ್ಪಾಟ್ ತೆರೆದು, ಕೆಳಗೆ ಜಗಲಿಯಲ್ಲಿ ಇನ್ನೊಂದು ಫೋನಿನಿಂದಲೋ ಕಂಪ್ಯೂಟರಿನಿಂದಲೋ ಸಭೆಗೆ ಸೇರಬಹುದು. ನೆಟ್‌ವರ್ಕ್ ಹುಡುಕಿ ಬೋಳುಗುಡ್ಡಕ್ಕೋ ಮರದ ಕೊಂಬೆಗೋ ಏರುವವರು ಒಂದು ಮಾತು ನೆನಪಿಡಬೇಕು: ಗುಡುಗು ಕೇಳಿದೊಡನೆ ಕೆಳಗಿಳಿಯಬೇಕು. ಯಾವ ಸಭೆಯೂ ಜೀವಕ್ಕಿಂತ ದೊಡ್ಡದಲ್ಲ.

ಸಭೆಯ ಹಿಂದಿನ ದಿನವೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿವೆ. ಸಭೆ ಜೂಮ್‌ನಲ್ಲೋ ಗೂಗಲ್ ಮೀಟ್‌ನಲ್ಲೋ ಬೇರೆಯದರಲ್ಲೋ ಎಂದು ತಿಳಿದುಕೊಂಡು, ಆ ತಂತ್ರಾಂಶವನ್ನು ಸಿಗ್ನಲ್ ಚೆನ್ನಾಗಿರುವ ಪೇಟೆಯಲ್ಲಿಯೇ ಇಳಿಸಿಕೊಳ್ಳಬೇಕು. ಕೊಂಡಿಯ ಜೊತೆಗೆ ಸಭೆಯ ಸಂಖ್ಯೆಯನ್ನೂ ಗುಪ್ತಪದವನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಮೈಕ್ ಮತ್ತು ಕ್ಯಾಮೆರಾ ಬಳಸಲು ಫೋನು ಅನುಮತಿ ಕೇಳಿದಾಗ ಒಪ್ಪಬೇಕು. ಹಿಂದೆ ನಿರಾಕರಿಸಿದ್ದರೆ ಸೆಟ್ಟಿಂಗ್‌ನಲ್ಲಿ ತಿದ್ದಬೇಕು. ಫೋನಿನ ದಿನಾಂಕ, ಗಂಟೆ ತಪ್ಪಾಗಿದ್ದರೂ ಸುರಕ್ಷಿತ ಸಂಪರ್ಕ ಏರ್ಪಡದೆ ಹೋಗುವುದುಂಟು. ಸ್ವಂತ ಹೆಸರು ಮತ್ತು ಊರಿನ ಹೆಸರಿನಿಂದ ಸೇರಬೇಕು. ಫೋನಿನ ಕಂಪನಿಯ ಹೆಸರಿನಲ್ಲಿ ಸೇರಿದವರನ್ನು ನಿರೀಕ್ಷಣಾ ಕೊಠಡಿಯಿಂದ ಒಳಗೆ ಬಿಡದಿರುವುದು ಸಾಮಾನ್ಯ. ಕೊಂಡಿಯನ್ನು ಸಿಕ್ಕವರಿಗೆಲ್ಲ ಹಂಚುವುದೂ ಸಲ್ಲದು. ೨೦೨೩ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದ್ದರಿಂದ ಕರ್ನಾಟಕ ಉಚ್ಚ ನ್ಯಾಯಾಲಯವೇ ತನ್ನ ವಿಡಿಯೋ ವಿಚಾರಣೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಸಭೆಯ ನಡುವೆ ತೊಂದರೆ ಬಂದರೆ ಗಾಬರಿಯಾಗದೆ ಕ್ರಮವಾಗಿ ನೋಡಬೇಕು. ಏನೂ ಕೇಳದಿದ್ದರೆ ಮೊದಲು ಧ್ವನಿಗೆ ಸೇರುವ ಗುಂಡಿಯನ್ನು ಒತ್ತಲಾಗಿದೆಯೇ ಎಂದು ನೋಡಬೇಕು. ಜೂಮ್‌ನಲ್ಲಿ ಚಿತ್ರ ಕಂಡರೂ ಧ್ವನಿಯನ್ನು ಪ್ರತ್ಯೇಕವಾಗಿ ಒಪ್ಪಿಕೊಳ್ಳಬೇಕಾಗುವುದುಂಟು. ಬೇರೆಯವರಿಗೆ ಕೇಳದಿದ್ದರೆ ಮೈಕಿನ ಗುರುತಿನ ಮೇಲೆ ಅಡ್ಡಗೆರೆ ಇದೆಯೇ ಎಂದು ನೋಡಬೇಕು. ಪ್ರತಿಧ್ವನಿ ಬಂದರೆ ಒಂದೇ ಕೋಣೆಯಲ್ಲಿ ಎರಡು ಫೋನುಗಳು ಸಭೆಯಲ್ಲಿವೆ ಎಂದರ್ಥ. ಒಂದರ ಮೈಕನ್ನೂ ಸ್ಪೀಕರನ್ನೂ ಮುಚ್ಚಬೇಕು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಇಯರ್‌ಫೋನಿನ ಮೈಕು ಒಳ್ಳೆಯ ಮದ್ದು. ಎರಡು ಸಿಮ್ ಇರುವ ಫೋನಿನಲ್ಲಿ ಒಂದಕ್ಕೆ ಕರೆ ಬಂದರೆ ಇನ್ನೊಂದರ ಇಂಟರ್ನೆಟ್ ಕಡಿಯುವುದುಂಟು. ಆದ್ದರಿಂದ ಸಭೆಯ ಹೊತ್ತಿನಲ್ಲಿ ಎರಡನೆಯ ಸಿಮ್ ಅನ್ನು ನಿಲ್ಲಿಸಿಡುವುದು ಲೇಸು. ಸಂಪರ್ಕ ತೀರ ಜಡವಾದರೆ ಫೋನನ್ನು ಅರ್ಧ ನಿಮಿಷ ವಿಮಾನಸ್ಥಿತಿಯಲ್ಲಿಟ್ಟು ತೆರೆದರೆ ಅದು ಗೋಪುರವನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ೫ಜಿ ಮತ್ತು ೪ಜಿ ನಡುವೆ ಫೋನು ಓಲಾಡುತ್ತಿದ್ದರೆ ೪ಜಿಯನ್ನೇ ಆರಿಸಿಡಬೇಕು. ಸಭೆ ಸರಿಯಾಗಿ ೪೦ ನಿಮಿಷಕ್ಕೆ ಎಲ್ಲರಿಗೂ ಒಮ್ಮೆಲೇ ಕಡಿದರೆ ದೋಷ ನೆಟ್‌ವರ್ಕ್‌ನದಲ್ಲ. ಜೂಮ್‌ನ ಉಚಿತ ಖಾತೆಯ ಮಿತಿ ಅಷ್ಟೇ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನರ ಸಭೆಗೆ ೬೦ ನಿಮಿಷ.

ಮನೆಗೆ ಫೈಬರ್ ಸಂಪರ್ಕ ಬಂದಿರುವ ಊರುಗಳ ಕಷ್ಟ ಬೇರೆ. ಗಾಳಿಮಳೆಗೆ ಮರದ ಕೊಂಬೆ ಬಿದ್ದು ತಂತಿ ತುಂಡಾಗುತ್ತದೆ. ಆಗ ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ಎಂಬ ದೀಪ ಕೆಂಪಾಗುತ್ತದೆ. ಬೆಳಕು ಬರುತ್ತಿಲ್ಲವೆಂಬ ಸೂಚನೆ ಅದು. ಪೆಟ್ಟಿಗೆಯನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಫಲವಿಲ್ಲ; ದೂರು ಕೊಟ್ಟು, ಆ ದಿನದ ಸಭೆಗೆ ಮೊಬೈಲನ್ನು ಅವಲಂಬಿಸಬೇಕು. ಕೆಂಪು ದೀಪವಿಲ್ಲದೆ ಸಂಪರ್ಕ ನಿಂತಿದ್ದರೆ ಮಾತ್ರ ಆರಿಸಿ ಹಚ್ಚುವ ಉಪಾಯ ಕೆಲಸಕ್ಕೆ ಬರುತ್ತದೆ. ಇಂಥ ಬಹಳಷ್ಟು ಪೆಟ್ಟಿಗೆಗಳು ೧೨ ವೋಲ್ಟ್‌ನಲ್ಲಿ ನಡೆಯುತ್ತವೆ. ಅದಕ್ಕೆಂದೇ ಸಿಗುವ ಚಿಕ್ಕ ಬ್ಯಾಟರಿ ಘಟಕವಿದ್ದರೆ ಕರೆಂಟು ಹೋದ ಮೇಲೂ ಸಭೆ ಮುಂದುವರಿಯುತ್ತದೆ. ಸಿಡಿಲಿನ ಹೊತ್ತಿನಲ್ಲಿ ಮಾತ್ರ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು.

ಇಷ್ಟೆಲ್ಲ ಮಾಡಿದರೂ ಒಬ್ಬೊಬ್ಬರೇ ಹೆಣಗುವುದಕ್ಕಿಂತ ಊರು ಒಟ್ಟಾಗಿ ಕೂರುವುದು ಮೇಲು. ಹತ್ತು ಮನೆಯವರು ಹತ್ತು ಫೋನುಗಳಿಂದ ಸೇರಿದರೆ ಒಂದೇ ಗೋಪುರದ ಇಕ್ಕಟ್ಟಾದ ದಾರಿಯಲ್ಲಿ ಹತ್ತು ಗಾಡಿಗಳು ನುಗ್ಗಿದಂತಾಗುತ್ತದೆ. ಅದರ ಬದಲು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ, ಶಾಲೆಯಲ್ಲೋ, ಸಂಪರ್ಕ ಚೆನ್ನಾಗಿರುವ ಮನೆಯ ಅಂಗಳದಲ್ಲೋ ಒಂದು ಪರದೆ, ಒಂದು ಮೈಕು ಇಟ್ಟು ಎಲ್ಲರೂ ಸೇರಬೇಕು. ಒಬ್ಬ ವಿದ್ಯಾರ್ಥಿ ಯಂತ್ರ ನೋಡಿಕೊಳ್ಳಲಿ. ಇನ್ನೊಬ್ಬ ಬೇರೆ ಕಂಪನಿಯ ಸಿಮ್ ಇರುವ ಫೋನಿನೊಂದಿಗೆ ಸಿದ್ಧನಾಗಿರಲಿ. ಮೂರನೆಯವಳು ಯಾರು ಯಾವಾಗ ಏನು ಹೇಳಿದರು, ಎಷ್ಟು ಗಂಟೆಗೆ ಸಂಪರ್ಕ ಕಡಿಯಿತು ಎಂದು ಬರೆದುಕೊಳ್ಳಲಿ. ಮಾತನಾಡುವವರು ಮುಖ್ಯ ಸಂಗತಿಯನ್ನು ಮೊದಲ ವಾಕ್ಯದಲ್ಲಿಯೇ ಹೇಳಲಿ. ಪೀಠಿಕೆ ಮುಗಿಯುವುದರೊಳಗೆ ದಾರಿ ಮುಚ್ಚಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಬರಹ. ಹೇಳಬೇಕಾದುದನ್ನು ಒಂದು ಪುಟದಲ್ಲಿ ಬರೆದು ಸಹಿ ಮಾಡಿ, ಸಭೆಗೆ ಮೊದಲೇ ಇಮೇಲ್ ಮತ್ತು ಅಂಚೆಯ ಮೂಲಕ ಕಳುಹಿಸಿಡಬೇಕು. ಸಂದೇಶ ಕಾಯ್ದು ಹೋಗಬಲ್ಲದೆಂಬ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಭೆಯಲ್ಲಿ ಮಾತು ಕಡಿದರೆ ಅಂದೇ, ಇಂತಿಷ್ಟು ಗಂಟೆಗೆ ಸಂಪರ್ಕ ತಪ್ಪಿತು, ಹೇಳಿಕೆ ಅಪೂರ್ಣವಾಯಿತು, ಲಿಖಿತ ಹೇಳಿಕೆಯನ್ನು ನಡಾವಳಿಗೆ ಸೇರಿಸಬೇಕು ಎಂದು ಬರೆದು ಕಳುಹಿಸಬೇಕು. ಹಾಗೆ ಬರೆದದ್ದು ಕಡತದಲ್ಲಿ ಉಳಿಯುತ್ತದೆ; ಗಾಳಿಯಲ್ಲಿ ಕಳೆದುಹೋದ ಮಾತಿಗೆ ಸಾಕ್ಷಿಯಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಪರದೆಯ ಸಭೆ ನೆರವಿಗೆ ಬರಲಿ, ನೆಲದ ಸಭೆಯನ್ನು ನುಂಗುವುದು ಬೇಡ. ೨೦೦೬ರ ಸೆಪ್ಟೆಂಬರ್ ೧೪ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು ಸಾರ್ವಜನಿಕ ಅಹವಾಲು ಸಭೆಗೆ ಜಾಗ ಗೊತ್ತುಮಾಡಿದೆ. ಯೋಜನೆಯ ಸ್ಥಳದಲ್ಲೋ ಅದರ ಹತ್ತಿರದಲ್ಲೋ ಅದು ನಡೆಯಬೇಕು. ಕನಿಷ್ಠ ೩೦ ದಿನ ಮೊದಲು ಪ್ರಕಟಣೆ ಕೊಡಬೇಕು. ಸಭೆಯನ್ನು ಪೂರ್ತಿಯಾಗಿ ಚಿತ್ರೀಕರಿಸಬೇಕು. ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಜನರಿಗೆ ಓದಿ ಹೇಳಿ, ಅಂದೇ ಸಹಿ ಮಾಡಬೇಕು. ಅಲ್ಲಿ ಅಧಿಕಾರಿ ಗುಡ್ಡ ಹತ್ತಿ ಬರಬೇಕೇ ವಿನಾ ಹಳ್ಳಿಗ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಾಗಿಲ್ಲ. ಇಂಥ ಸಭೆಗೆ ಬದಲಾಗಿ ಕೊಂಡಿಯೊಂದನ್ನು ಕಳುಹಿಸಿದರೆ ಅದನ್ನು ಪ್ರಶ್ನಿಸುವ ಹಕ್ಕು ಊರಿಗಿದೆ.

ವಿದ್ಯಾರ್ಥಿ ಮಿತ್ರರ ಹೊಣೆ ಇಲ್ಲಿ ಹಿರಿದು. ಫೋನಿನ ಗುಂಡಿಗಳು ಕಿರಿಯರಿಗೆ ಗೊತ್ತು. ಹಳ್ಳದ ಮೂಲ, ಬೆಟ್ಟದ ಗಡಿ, ಕಾನಿನ ಹೆಸರುಗಳು ಹಿರಿಯರಿಗೆ ಗೊತ್ತು. ಸಭೆಯ ಹಿಂದಿನ ಸಂಜೆ ಅರ್ಧ ಗಂಟೆ ಇಬ್ಬರೂ ಜೊತೆಗೆ ಕುಳಿತು, ಒಬ್ಬರು ಜಗಲಿಯಿಂದಲೂ ಇನ್ನೊಬ್ಬರು ಪಕ್ಕದ ಮನೆಯಿಂದಲೂ ಸೇರಿ ಒಂದು ಪರೀಕ್ಷಾ ಸಭೆ ನಡೆಸಿ ನೋಡಲಿ. ಮರುದಿನ ಆ ರೈತನ ಸರದಿ ಬಂದಾಗ ಅವನ ಮಾತು ಪೂರ್ತಿಯಾಗಿ ತಲುಪೀತು.