ತರುಣರೂ ಸಂಘವೂ



ತರುಣರು ಸಂಘಕ್ಕೆ ಬರುವುದಿಲ್ಲವೆಂದು ಹಲುಬುವ ನಾವು, ಬಂದವರಿಗೆ ಕೊಟ್ಟುದಾದರೂ ಏನು? ಜಮಖಾನೆ ಹಾಸುವ ಕೆಲಸ, ವರ್ಗಣಿಯ ಪಾವತಿ, ಬಳಿಕ ಉಪದೇಶ!

ಅಮೇರಿಕೆಯ ಕ್ಯಾನ್ಸಸ್ ಸಿಟಿಯಲ್ಲಿ 1919ರಲ್ಲಿ ಫ್ರೀಮೇಸನ್ ಭ್ರಾತೃಸಂಘದ ಫ್ರಾಂಕ್ ಲ್ಯಾಂಡರು, ತಂದೆಯನ್ನು ಕಳೆದುಕೊಂಡ ಓರ್ವ ಹುಡುಗನಿಗೆ ಆಸರೆಯಾಗಿ, ಅವನ ಗೆಳೆಯರನ್ನೂ ಕೂಡಿಸಿದರು. ಒಂಬತ್ತು ಹುಡುಗರ ಆ ಕೂಟವೇ ‘ಡಿಮೋಲೆ’ ಎಂಬ ತರುಣಸಂಘವಾಗಿ ದೇಶವಿದೇಶಗಳಲ್ಲಿ ಹಬ್ಬಿತು. ಅಲ್ಲಿ ಪದಾಧಿಕಾರಿಗಳೂ ಸಭೆ ನಡೆಯಿಸುವವರೂ ಹುಡುಗರೇ. ಹಿರಿಯರು ಪಕ್ಕದಲ್ಲಿ ನಿಂತ ಸಲಹೆಗಾರರು. ಅವರ ವಿಧಿಗಳು ನಮಗೆ ಬೇಡ. ಆ ವಿಶ್ವಾಸವು ಬೇಕು.

ಆದುದರಿಂದ ಸಂಘದ ಕೀಲಿಕೈಯನ್ನೂ ಲೆಕ್ಕದ ಪುಸ್ತಕವನ್ನೂ ಈ ವರ್ಷವೇ ತರುಣರ ಕೈಗೊಪ್ಪಿಸೋಣ. ತಪ್ಪಿದರೆ ತಿದ್ದೋಣ. ಒಪ್ಪಿಸದಿದ್ದರೆ, ನಮ್ಮ ತರುವಾಯ ಈ ಬಾಗಿಲನ್ನು ತೆರೆಯುವವರೇ ಉಳಿಯಲಾರರು.