ಪರದೇಶದ ವಿದ್ಯಾಭ್ಯಾಸ ಮತ್ತು ಸ್ವಂತ ಹೊಣೆ



ದೇವಾಲಯದ ಗಂಟೆಯ ನಾದಕ್ಕೆ ಕಿವಿಗೊಟ್ಟು ದಿನವನ್ನು ಆರಂಭಿಸಿದ ವೇಮಗಲ್ಲಿನ ಹಿರಿಯರ ಮೊಮ್ಮಕ್ಕಳು ಇಂದು ಉನ್ನತ ವ್ಯಾಸಂಗಕ್ಕೆಂದು ಕಡಲಾಚೆಗೆ ಹೊರಟಿದ್ದಾರೆ. ಶತಮಾನೋತ್ಸವದ ಈ ಶುಭವೇಳೆಯಲ್ಲಿ ಅವರನ್ನೂ ಅವರನ್ನು ಕಳುಹಿಸುವ ತಂದೆತಾಯಿಯರನ್ನೂ ಕುರಿತು ನಾಲ್ಕು ಮಾತನಾಡಲು ಬಯಸುತ್ತೇವೆ.

ಗುರುಮಠದಲ್ಲಿ ನಮಗೆ ಎಲ್ಲಕ್ಕೂ ಗಂಟೆಯಿತ್ತು: ಏಳಲು, ಪ್ರಾರ್ಥಿಸಲು, ಉಣ್ಣಲು, ಮೌನವಾಗಿರಲು ಸಹ. ಗಂಟೆಗೆ ತಪ್ಪದೆ ನಡೆದ ನಮ್ಮನ್ನು ಹಿರಿಯರು ಶಿಸ್ತಿನವರೆಂದು ಹೊಗಳಿದರು. ನಾವೂ ಹಾಗೆಂದೇ ನಂಬಿದೆವು. ಮುಂದೆ ಅಧ್ಯಯನಕ್ಕಾಗಿ ರೋಮ್ ನಗರಕ್ಕೆ ಹೋದಾಗ ನಮ್ಮ ಶಿಸ್ತಿನ ಬಣ್ಣ ಬಯಲಾಯಿತು. ಎಬ್ಬಿಸುವವರಿಲ್ಲ, ತರಗತಿಗೆ ಏಕೆ ಬರಲಿಲ್ಲವೆಂದು ಕೇಳುವವರಿಲ್ಲ. ಇಟಾಲಿಯನ್ ಭಾಷೆ ಅರ್ಥವಾಗದೆಂಬ ನೆಪದಲ್ಲಿ ತಿಂಗಳುಗಟ್ಟಲೆ ಪಾಠ ತಪ್ಪಿಸಿದೆವು. ಮೌಖಿಕ ಪರೀಕ್ಷೆಯ ದಿನ ನಮ್ಮಿಂದ ಉತ್ತರ ಬಾರದಿದ್ದಾಗ ಪ್ರಾಧ್ಯಾಪಕರು ಗದರಲಿಲ್ಲ. ಸಿದ್ಧರಾದಾಗ ಬನ್ನಿ ಎಂದು ಶಾಂತವಾಗಿ ಹೇಳಿ ಕಳುಹಿಸಿದರು. ಬೆತ್ತದ ಏಟು ಇಷ್ಟು ನೋಯಿಸುತ್ತಿರಲಿಲ್ಲ. ಧರ್ಮಾಧ್ಯಕ್ಷರಿಗೆ ವಿಷಯ ತಿಳಿಸಬೇಕಾಗಿತ್ತು. ನಾಲ್ಕು ಪತ್ರ ಬರೆದೆವು. ಮೊದಲ ಮೂರರಲ್ಲಿ ಭಾಷೆ, ಚಳಿ, ಊಟ ಇವೇ ಅಪರಾಧಿಗಳು. ಅವನ್ನು ಹರಿದು ಹಾಕಿದೆವು. ಅಂಚೆಗೆ ಹಾಕಿದ್ದು ನಾಲ್ಕನೆಯದನ್ನು.

2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯನವರು. ದೇವರ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೂ ಕಾಲೇಜು ಅಧ್ಯಾಪಕರಾಗಿದ್ದ ಅವರು ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ, 1960ರಲ್ಲಿ, ನಲವತ್ತರ ಪ್ರಾಯದಲ್ಲಿ, ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಮರಳಿ, ಹಾಸ್ಟೆಲಿನ ಕೊಠಡಿಯೊಂದರಲ್ಲಿ ಸರಳವಾಗಿ ಬಾಳಿದರು. ಹಾಗಿರೆಂದು ಅವರಿಗೆ ಯಾವ ಗಂಟೆಯೂ ಹೇಳಿರಲಿಲ್ಲ.

ಈಗ ಮಕ್ಕಳ ಓದಿಗಾಗಿ ಜಮೀನು ಅಡವಿಡುವ ಮನೆಗಳಿವೆ. ಇಂಗ್ಲೆಂಡಿನಲ್ಲಿ ಪದವಿಗೆ ಓದುವ ವಿದೇಶಿ ವಿದ್ಯಾರ್ಥಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಸಾಲದ ಭಯದಿಂದ ಮಗ ಆ ಮಿತಿ ಮೀರುತ್ತಾನೆ, ಪಾಠ ಬಿಡುತ್ತಾನೆ, ಫೋನಿನಲ್ಲಿ ಮಾತ್ರ ಎಲ್ಲವೂ ಚೆನ್ನಾಗಿದೆ ಅಮ್ಮ ಎನ್ನುತ್ತಾನೆ. ನಮಗೆ ಹೆಚ್ಚು ಭಯ ಹುಟ್ಟಿಸುವುದು ಆ ಕೊನೆಯ ಮಾತು.

ಸಂತ ಲೂಕರ ಶುಭಸಂದೇಶದ ದುಂದುಗಾರ ಮಗನ ಸಾಮತಿಯಲ್ಲಿ ನಾವು ಗಮನಿಸದ ಒಂದು ಸಂಗತಿಯಿದೆ. ಅವನು ಹೋದ ದೂರದೇಶದಲ್ಲಿ ಬರಗಾಲ ಬಂದಿತ್ತು. ಬರವೆಂದರೇನೆಂದು ಕೋಲಾರದವರಿಗೆ ಹೇಳಬೇಕಾಗಿಲ್ಲ. ನೆಪ ಬೇಕಿದ್ದರೆ ಅದು ಸಿದ್ಧವಾಗಿತ್ತು. ತಂದೆಯ ಮುಂದೆ ನಿಂತಾಗ ಅವನು ಬರಗಾಲದ ಹೆಸರೆತ್ತಲಿಲ್ಲ. ತನ್ನ ಪಾಪವನ್ನು ಮಾತ್ರ ಹೇಳಿದನು. ಆ ತಂದೆಯೂ ಲೆಕ್ಕ ಕೇಳುವ ಮುನ್ನ ಓಡಿಬಂದು ಅಪ್ಪಿಕೊಂಡನು. ಸೋತೆನೆಂದು ಫೋನು ಮಾಡುವ ಮಗಳಿಗೆ, ಮಗನಿಗೆ ನಮ್ಮ ಮನೆಗಳಿಂದ ಬರುವ ಮೊದಲ ಮಾತು ಯಾವುದಾಗಿರುತ್ತದೆ?

ತಂದೆತಾಯಿಯರೇ, ವೀಸಾ ಬರುವವರೆಗೆ ಕಾಯಬೇಡಿ. ಹದಿನೆಂಟು ತುಂಬಿದವರ ಕೈಗೆ ಈಗಲೇ ಮನೆಯ ಒಂದು ತಿಂಗಳ ಖರ್ಚನ್ನು ಕೊಟ್ಟು ಲೆಕ್ಕ ಬರೆಯಿಸಿರಿ. ಭಾನುವಾರದ ಬಲಿಪೂಜೆಗೆ ಅವರನ್ನು ಎಬ್ಬಿಸುವ ಕೆಲಸವನ್ನೂ ಬಿಡಿರಿ. ವಿಚಾರಣಾ ಗುರುಗಳೇ ಹೀಗೆನ್ನಬಹುದೇ ಎಂದು ಕೆಲವರು ಹುಬ್ಬೇರಿಸುತ್ತಿರುವುದು ಇಲ್ಲಿಗೇ ಕಾಣುತ್ತಿದೆ. ಅವರ ಸ್ಥಳ ಬರಿದಾಗಿದ್ದರೆ ನಾವು ನಿಮ್ಮನ್ನು ವಿಚಾರಿಸುವುದಿಲ್ಲ. ಏಕೆ ಬರಲಿಲ್ಲವೆಂದು ಅವರೇ ಬಂದು ನಮಗೆ ಹೇಳಲಿ.