ಪ್ರಾಗ್ ನಗರದಲ್ಲಿ ಎರಡು ಸಲ



ಸಿನಿಮಾದವರು ರಾಜಕೀಯಕ್ಕೆ ಬಂದರೆ ‘ಇವರಿಗೇನು ಗೊತ್ತು?’ ಎಂದು ಕೇಳುತ್ತೇವೆ. ಶರ್ಲಿ ಟೆಂಪಲ್ ಅವರನ್ನು ಅಮೆರಿಕವೂ ಹಾಗೇ ಕೇಳಿತು. ಕೇಳಿದ್ದು ತಪ್ಪಲ್ಲ. ಉತ್ತರಕ್ಕೆ ಕಾಯುವ ವ್ಯವಧಾನ ಹಲವರಿಗೆ ಇರಲಿಲ್ಲ ಎಂಬುದೇ ನನ್ನ ತಕರಾರು.

1928ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಹುಟ್ಟಿದ ಶರ್ಲಿ, ಆರ್ಥಿಕ ಮುಗ್ಗಟ್ಟಿನ ಮುಂದಿನ ದಶಕದಲ್ಲಿ ಹಾಲಿವುಡ್ಡಿನ ಗಲ್ಲಾಪೆಟ್ಟಿಗೆ ತುಂಬಿಸಿದ ಮಗು. 1935ರಿಂದ 1938ರವರೆಗೆ ಆಕೆಯನ್ನು ಮೀರಿಸಿದ ತಾರೆ ಇಲ್ಲ. ‘ದಿ ಲಿಟ್ಲ್ ಕರ್ನಲ್’ ಚಿತ್ರದಲ್ಲಿ ಕಪ್ಪು ನರ್ತಕ ಬಿಲ್ ರಾಬಿನ್ಸನ್ ಜೊತೆ ಮೆಟ್ಟಿಲ ಮೇಲೆ ಕುಣಿದ ದೃಶ್ಯವನ್ನು ಅವಕಾಶ ಸಿಕ್ಕಿದರೆ ದಯವಿಟ್ಟು ನೋಡಿ. ವರ್ಣಭೇದವೇ ಕಾನೂನಾಗಿದ್ದ ನಾಡಿನಲ್ಲಿ ಅದು ಸಣ್ಣ ಮಾತಲ್ಲ. ಇಪ್ಪತ್ತೆರಡಕ್ಕೇ ಅವರು ಚಿತ್ರರಂಗ ಬಿಟ್ಟರು.

1967ರಲ್ಲಿ ಅಮೆರಿಕನ್ ಸಂಸತ್ತಿನ ಉಪಚುನಾವಣೆಗೆ ನಿಂತರು. ಅವರ ಹೆಸರು ಕೇಳದವರೇ ಇರಲಿಲ್ಲ. ಆದರೂ ಮತದಾರರು ಆರಿಸಿದ್ದು ಕೊರಿಯಾ ಯುದ್ಧದಲ್ಲಿ ಹೋರಾಡಿದ್ದ ಪೀಟ್ ಮೆಕ್ಲಾಸ್ಕಿ ಅವರನ್ನು. ಜನಪ್ರಿಯತೆಯೇ ವೋಟು ಎಂದು ನಂಬಿದವರು ಈ ಸೋಲನ್ನು ನೆನಪಿಡಬೇಕು.

ನನ್ನನ್ನು ಹಿಡಿದು ನಿಲ್ಲಿಸುವುದು ಮರುವರ್ಷದ ಘಟನೆ. ಶರ್ಲಿ ಅವರ ಅಣ್ಣನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇತ್ತು. ಆ ರೋಗಿಗಳ ಅಂತರರಾಷ್ಟ್ರೀಯ ಒಕ್ಕೂಟದ ಕೆಲಸಕ್ಕಾಗಿ ಶರ್ಲಿ 1968ರ ಆಗಸ್ಟಿನಲ್ಲಿ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ಹೋಗಿದ್ದರು. ಆಗಸ್ಟ್ 20ರ ರಾತ್ರಿ ಸೋವಿಯತ್ ಟ್ಯಾಂಕುಗಳು ಗಡಿ ದಾಟಿ ನುಗ್ಗಿದವು. ಆ ದೇಶದ ನಾಯಕ ಡುಬ್ಚೆಕ್ ಅವರ ಸುಧಾರಣೆಯ ವಸಂತ ಮುಗಿಯಿತು. ನಿರಾಯುಧ ಹೆಂಗಸೊಬ್ಬಳು ಗುಂಡೇಟಿಗೆ ಬೀಳುವುದನ್ನು ಶರ್ಲಿ ಹೋಟೆಲಿನಿಂದ ಕಂಡರು. ವಿದೇಶಿಯರ ಕಾರುಗಳ ಸಾಲಿನಲ್ಲಿ ಪಶ್ಚಿಮ ಜರ್ಮನಿ ಸೇರಿದರು. ಪುಸ್ತಕ ಓದಿ ವಿದೇಶಾಂಗ ನೀತಿ ಕಲಿಯಬಹುದು. ಹೀಗೆ ಕಲಿತದ್ದಕ್ಕೆ ಬೇರೆಯೇ ತೂಕ.

ಅಧ್ಯಕ್ಷ ನಿಕ್ಸನ್ 1969ರಲ್ಲಿ ಶರ್ಲಿ ಅವರನ್ನು ವಿಶ್ವಸಂಸ್ಥೆಗೆ ಹೋಗುವ ಅಮೆರಿಕದ ನಿಯೋಗಕ್ಕೆ ನೇಮಿಸಿದರು. 1974ರಿಂದ 1976ರವರೆಗೆ ಘಾನಾದಲ್ಲಿ ರಾಯಭಾರಿ. ಆಮೇಲೆ ಅಮೆರಿಕ ಸರ್ಕಾರದ ಶಿಷ್ಟಾಚಾರ ವಿಭಾಗಕ್ಕೆ ಮೊದಲ ಮಹಿಳಾ ಮುಖ್ಯಸ್ಥೆ. ನಡುವೆ, 1972ರಲ್ಲಿ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದಾಗ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಆ ಕಾಯಿಲೆಯ ಹೆಸರನ್ನು ಮನೆಯೊಳಗೂ ಪಿಸುಗುಟ್ಟುತ್ತಿದ್ದ ಕಾಲವದು. ಅವರ ಎಲ್ಲ ಹುದ್ದೆಗಳಿಗಿಂತ ಈ ಧೈರ್ಯ ನನಗೆ ದೊಡ್ಡದು.

1989ರಲ್ಲಿ ಅಧ್ಯಕ್ಷ ಬುಷ್, ಶರ್ಲಿ ಅವರನ್ನು ಚೆಕೊಸ್ಲೊವಾಕಿಯಾಕ್ಕೆ ರಾಯಭಾರಿಯಾಗಿ ಕಳಿಸಿದರು. ಅದೇ ಪ್ರಾಗ್, ಇಪ್ಪತ್ತೊಂದು ವರ್ಷಗಳ ಬಳಿಕ. ನವೆಂಬರ್ 17ರಂದು ವಿದ್ಯಾರ್ಥಿಗಳ ಮೆರವಣಿಗೆಯ ಮೇಲೆ ಪೊಲೀಸರ ಲಾಠಿ ಬಿತ್ತು, ಜನ ಬೀದಿಗಿಳಿದರು. ಭಿನ್ನಮತೀಯರ ಪರ ತಮಗಿದ್ದ ಸಹಾನುಭೂತಿಯನ್ನು ಶರ್ಲಿ ಮುಚ್ಚಿಡಲಿಲ್ಲ. ವರ್ಷ ಮುಗಿಯುವ ಮೊದಲೇ, ಸೆರೆಮನೆ ಕಂಡಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ಆ ದೇಶದ ಅಧ್ಯಕ್ಷರಾದರು. 1968ರಲ್ಲಿ ಅಲ್ಲಿಂದ ಓಡಿಬರಬೇಕಾಗಿದ್ದ ಶರ್ಲಿ ಈ ಸಲ 1992ರವರೆಗೆ ಅಲ್ಲೇ ನಿಂತು, ಹೊಸ ಸರ್ಕಾರದ ಜೊತೆ ಕೆಲಸ ಮಾಡಿದರು.